ನುಂಗಿಕೊಂಡ ಮಾತು

ಸಿಟ್ಟು ಬಂದರೂ ಬಾಯಿ ಬಿಡದ ಹೆಂಗಸರ ಮನೆಯಲ್ಲಿ ಪಾತ್ರೆಗಳಿಗೆ ಬಾಯಿ ಬರುತ್ತದೆ. ನನ್ನ ದೊಡ್ಡಮ್ಮನ ಅಡುಗೆಮನೆಯಲ್ಲಿ ಅದನ್ನು ಕೇಳುತ್ತಲೇ ಬೆಳೆದವಳು ನಾನು. ಸೌಟನ್ನು ಕಟ್ಟೆಯ ಮೇಲೆ ಕುಕ್ಕುವ ಸದ್ದು, ತಟ್ಟೆಯ ಮೇಲೆ ತಟ್ಟೆ ಬೀಳುವ ಸದ್ದು. ದೊಡ್ಡಪ್ಪ ಪಡಸಾಲೆಯಿಂದಲೇ "ಏನಾಯ್ತೇ?" ಅಂದರೆ "ಏನಿಲ್ಲ" ಎಂಬ ಉತ್ತರ. ಊರೆಲ್ಲ ಅವಳನ್ನು ಭೂಮಿತೂಕದ ಹೆಂಗಸು ಎನ್ನುತ್ತಿತ್ತು. ಆದರೆ ಎಂದೋ ಒಂದು ದಿನ, ಗೌರಿಹಬ್ಬಕ್ಕೆ ತವರಿನ ಬಾಗಿನ ತಡವಾಯಿತು ಎಂಬಷ್ಟೇ ನೆಪ ಸಾಕು, ಮದುವೆಯಾದಂದಿನಿಂದ ಒಳಗಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಹೊರಬರುತ್ತಿತ್ತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನನ್ನ ನಾಲಿಗೆಗೆ ಹಿಡಿತವೇ ಇಲ್ಲ" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಹಿಡಿದಿಟ್ಟುಕೊಂಡವಳಿಗೆ ಹಿಡಿತವಿರಲಿಲ್ಲವೆನ್ನುವುದು ಹೇಗೆ? ತನ್ನ ಬೇಸರಕ್ಕೂ ಬೆಲೆಯಿದೆ, ನಾಲ್ಕು ಜನ ಕೇಳಬೇಕಾದ ಮಾತು ಅದು ಎಂಬ ನಂಬಿಕೆ ಅವಳಿಗಿರಲಿಲ್ಲ. ಅದಿದ್ದಿದ್ದರೆ ಬೇಸರ ಸಣ್ಣದಿದ್ದಾಗಲೇ ಹೇಳಿ ಮುಗಿಸುತ್ತಿದ್ದಳು. ಅಷ್ಟೊಂದು ತಡೆದುಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ.

ನುಂಗಿದ್ದು ಕರಗುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞರೂ ಕಂಡಿದ್ದಾರೆ. 1993ರಲ್ಲಿ ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ವಿದ್ಯಾರ್ಥಿಗಳಿಗೆ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಕೆಲವರಿಗೆ ಮಾತ್ರ ಮುಖದಲ್ಲಿ ಏನೂ ಕಾಣಿಸಬಾರದು ಎಂದರು. ಮುಖವೇನೋ ಸುಮ್ಮನಾಯಿತು. ಒಳಗಿನ ಅಸಹ್ಯ ಮಾತ್ರ ಇದ್ದಷ್ಟೇ ಇತ್ತು, ಮೈಯ ಒತ್ತಡದ ಕೆಲವು ಗುರುತುಗಳು ಏರಿದ್ದವು. ಇದನ್ನು ಓದಿದಾಗ ನನಗೆ ನೆನಪಾದದ್ದು ದೊಡ್ಡಮ್ಮನ ಬಿಡದ ತಲೆನೋವು, ಹಣೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದ ಬಟ್ಟೆ.

ಹಾಗೆಂದು ಬಂದ ಸಿಟ್ಟನ್ನೆಲ್ಲ ಎದುರಿದ್ದವರ ಮೇಲೆ ಕಾರಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬುದೂ ಸುಳ್ಳು. 2002ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್ಮನ್ ಅವರ ಪ್ರಯೋಗದಲ್ಲಿ, ಸಿಟ್ಟು ತರಿಸಿದವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಕೋಪ, ಸುಮ್ಮನೆ ಕೂತವರಿಗಿಂತ ಹೆಚ್ಚಾಗಿತ್ತು. ಮನೆಯಲ್ಲಿ ಗುಡುಗುವ ಗಂಡಸರನ್ನು ನೋಡಿದ್ದೇನೆ. ಅವರ ಒಳಗೂ ತಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ ಎಂಬ ಅಳುಕು ಇರುತ್ತದೆ ಎಂದೇ ನನ್ನ ಅನಿಸಿಕೆ. ತನ್ನ ಬೆಲೆ ತನಗೆ ಗೊತ್ತಿರುವವನು ದನಿ ಏರಿಸದೆಯೂ "ನನಗೆ ನೋವಾಯಿತು" ಎನ್ನಬಲ್ಲ.

ಮೊನ್ನೆ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಬಂದವರ ಮುಂದೆ ಅವನು ಮಗಳ ಗಣಿತದ ಮಾರ್ಕ್ಸ್ ಎತ್ತಿ ನಕ್ಕ. ಅವಳು ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದಳು. ನೆಂಟರು ಎದ್ದು ಕೈ ತೊಳೆಯಲು ಹೋದ ಮೇಲೆ, "ಅಪ್ಪಾ, ಎಲ್ಲರ ಮುಂದೆ ಹಾಗಂದಿದ್ದು ನಂಗೆ ಬೇಜಾರಾಯ್ತು. ಕಡಿಮೆ ಬಂದಿದ್ದಕ್ಕೆ ನನಗೂ ಬೇಜಾರಿದೆ" ಅಂದಳು. ಅಳು ಗಂಟಲಲ್ಲೇ ಇತ್ತು, ಆದರೂ ಮಾತು ತಡವರಿಸಲಿಲ್ಲ. ನೆಂಟರು ಏಳುವವರೆಗೆ ಕಾದ ಆ ತಾಳ್ಮೆಯನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿದರೆ ಅಪ್ಪ ಕೇಳುತ್ತಾನೆ ಎಂದು ಗೊತ್ತಿದ್ದುದರಿಂದ ಕಾಯುವುದು ಅವಳಿಗೆ ಸಾಧ್ಯವಾಯಿತು. ತಮ್ಮ ಒಂದು ಗಳಿಗೆ ಸುಮ್ಮನಿದ್ದು, "ತಪ್ಪಾಯ್ತು ಪುಟ್ಟಿ, ಇನ್ನು ಹಾಗನ್ನಲ್ಲ" ಅಂದ. "ದೊಡ್ಡವರಿಗೇ ಎದುರು ಮಾತಾಡ್ತೀಯಾ?" ಎಂದು ಅವನು ಗದರಿದ್ದರೆ, ಮುಂದಿನ ಸಲ ಅವಳೂ ನುಂಗಿಕೊಳ್ಳುತ್ತಿದ್ದಳು; ನಾವೆಲ್ಲ ಅವಳನ್ನು ಒಳ್ಳೆಯ ಹುಡುಗಿ ಎಂದು ಹೊಗಳುತ್ತಿದ್ದೆವು.