ಕೊಡದ ನೀರು

ನನ್ನ ಮೇಜಿನ ಮೇಲೆ ಬಹುಕಾಲದಿಂದ ಇರುವ ಕಲಾಪುಸ್ತಕವೊಂದರಲ್ಲಿ ರೆಂಬ್ರಾಂಟನು 1634ರಲ್ಲಿ ರಚಿಸಿದ ಪುಟ್ಟ ಎಚಿಂಗ್ ಚಿತ್ರವೊಂದಿದೆ. ಪಾಳುಬಿದ್ದ ಕಟ್ಟಡಗಳ ನಡುವೆ ಒಂದು ಬಾವಿ. ಅದರ ಬಳಿ ದಣಿದು ಕುಳಿತ ಯೇಸು. ನೀರಿಗೆ ಬಂದು ನಿಂತ ಸಮಾರ್ಯದ ಹೆಂಗಸು. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಈ ಪ್ರಸಂಗ ರೆಂಬ್ರಾಂಟನನ್ನು ಬಿಡದೆ ಕಾಡಿದಂತಿದೆ. 1650ರ ದಶಕದ ಕೊನೆಯಲ್ಲಿ ಅದನ್ನೇ ಮತ್ತೊಂದು ಎಚಿಂಗ್‌ಗೆ ವಸ್ತುವಾಗಿಸಿಕೊಂಡ. ಇಂಥ ಚಿತ್ರಗಳನ್ನು ಕಂಡಾಗಲೆಲ್ಲ ನನ್ನ ಕಣ್ಣು ಮುಖಗಳಿಗಿಂತ ಮೊದಲು ಪಾತ್ರೆಯನ್ನು ಹುಡುಕುತ್ತದೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಪ್ರಸಂಗ ಸರಳವಾದುದು. ಯೂದಾಯದಿಂದ ಗಲಿಲಾಯಕ್ಕೆ ಹೊರಟ ಯೇಸು ದಾರಿಯಲ್ಲಿ, ಸಮಾರ್ಯದ ಊರೊಂದರ ಹತ್ತಿರ, ಯಾಕೋಬನ ಬಾವಿಯ ಬಳಿ ಕುಳಿತ. ನಡುಹಗಲು. ಶಿಷ್ಯರು ಆಹಾರ ಕೊಳ್ಳಲು ಊರೊಳಗೆ ಹೋಗಿದ್ದರು. ನೀರಿಗೆ ಬಂದ ಹೆಂಗಸನ್ನು ಅವನು ಕುಡಿಯಲು ನೀರು ಕೇಳಿದ. ಯೆಹೂದ್ಯನೊಬ್ಬ ತನ್ನಂಥವಳಲ್ಲಿ ನೀರು ಬೇಡುವುದೇ ಎಂದು ಅವಳಿಗೆ ಬೆರಗು. ಅಲ್ಲಿಂದ ಮಾತು ಜೀವಜಲದ ಕಡೆಗೆ, ಅವಳ ಐವರು ಗಂಡಂದಿರ ಕಡೆಗೆ, ದೇವರನ್ನು ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ಹಳೆಯ ವ್ಯಾಜ್ಯದ ಕಡೆಗೆ ಹರಿಯುತ್ತದೆ. ಶಿಷ್ಯರು ಮರಳಿ ಬರುತ್ತಾರೆ. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಹೋಗುತ್ತಾಳೆ. ಕೇಳಿದ ನೀರನ್ನು ಯೇಸು ಕುಡಿದನೇ? ಸುವಾರ್ತೆಕಾರ ಆ ವಿಷಯವನ್ನು ಎತ್ತುವುದೇ ಇಲ್ಲ.

ಆ ಬೆಟ್ಟದ ವ್ಯಾಜ್ಯವನ್ನು ತಿಳಿಯದೆ ಈ ಬೆರಗು ಅರ್ಥವಾಗದು. ಸಮಾರ್ಯದವರು ತಮ್ಮನ್ನು ಎಫ್ರಾಯೀಮ್, ಮನಸ್ಸೆ ಕುಲಗಳ ಉಳಿದ ಸಂತತಿಯೆಂದು ನಂಬಿದವರು. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರರು ಆ ರಾಜ್ಯವನ್ನು ಗೆದ್ದು ಹೊರಗಿನವರನ್ನು ತಂದು ನೆಲೆಗೊಳಿಸಿದರು, ಇವರು ಆ ಮಿಶ್ರಣದ ಮಕ್ಕಳು ಎಂಬುದು ಯೆಹೂದ್ಯರ ಪಕ್ಷ. ಗೆರಿಜ್ಜೀಮ್ ಬೆಟ್ಟದ ಮೇಲೆ ಸಮಾರ್ಯದವರಿಗೆ ತಮ್ಮದೇ ದೇವಾಲಯವಿತ್ತು. ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ್ಯರ ಮಹಾಯಾಜಕನೂ ಅರಸನಂತೆ ಆಳಿದವನೂ ಆದ ಯೋಹಾನ ಹಿರ್ಕಾನಸನು ಅದನ್ನು ಕೆಡವಿದ. ಕ್ರಿ.ಶ. ಮೊದಲನೆಯ ದಶಕದಲ್ಲಿ ಸಮಾರ್ಯದವರು ಪಸ್ಕಹಬ್ಬದ ಕಾಲಕ್ಕೆ ಯೆರೂಸಲೇಮಿನ ದೇವಾಲಯದೊಳಗೆ ನುಸುಳಿ ಮನುಷ್ಯರ ಎಲುಬುಗಳನ್ನು ಎರಚಿದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇದು ದೂರದವರ ಹಗೆಯಾಗಿರಲಿಲ್ಲ. ಒಂದೇ ಧರ್ಮಗ್ರಂಥವನ್ನು ಓದುವ, ಒಂದೇ ಮೂಲಪುರುಷನ ಬಾವಿಯನ್ನು ತಮ್ಮದೆನ್ನುವ ದಾಯಾದಿಗಳ ಹಗೆ.

ಹಗೆಗೆ ನಿತ್ಯದ ರೂಪ ಸಿಕ್ಕುವುದು ಪಾತ್ರೆಗಳಲ್ಲಿ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲವೆಂದು ಸುವಾರ್ತೆಕಾರ ನಡುವೆ ಒಂದು ವಿವರಣೆ ಕೊಡುತ್ತಾನೆ. ಅಲ್ಲಿನ ಗ್ರೀಕ್ ಕ್ರಿಯಾಪದಕ್ಕೆ ‘ಒಟ್ಟಿಗೆ ಬಳಸು’ ಎಂಬ ಅರ್ಥವಿದೆ, ಇಲ್ಲಿನ ಮಾತು ಪಾತ್ರೆಯ ಹಂಚಿಕೆಯನ್ನು ಕುರಿತದ್ದು ಎಂದು ಡೇವಿಡ್ ಡಾಬ್ ಎಂಬ ವಿದ್ವಾಂಸ 1950ರಲ್ಲಿ ವಾದಿಸಿದ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ, ಸಮಾರ್ಯದ ಹೆಣ್ಣುಮಕ್ಕಳನ್ನು ತೊಟ್ಟಿಲ ಕಾಲದಿಂದಲೇ ಮುಟ್ಟಿನ ಮೈಲಿಗೆ ಉಳ್ಳವರೆಂದು ಗಣಿಸುತ್ತದೆ. ಹಾಗಾದರೆ ಅವರು ಮುಟ್ಟಿದ ಕೊಡ? ಡಾಬ್‌ನ ಅರ್ಥವನ್ನು ಎಲ್ಲರೂ ಒಪ್ಪಿಲ್ಲ. ನನಗಂತೂ ಅದನ್ನು ಒಪ್ಪಲು ವ್ಯಾಕರಣದ ನೆರವು ಬೇಕಾಗಲಿಲ್ಲ. ಶಿಷ್ಯರು ಅದೇ ಊರಿನಲ್ಲಿ ದುಡ್ಡು ಕೊಟ್ಟು ಆಹಾರ ತರಬಹುದು, ಅದೇ ಊರಿನ ಹೆಣ್ಣಿನ ಪಾತ್ರೆಗೆ ಬಾಯಿಡಲಾಗದು. ಅಂಗಡಿಯ ಅಕ್ಕಿಬೇಳೆಗೆ ಮೈಲಿಗೆಯಿಲ್ಲ, ಕೊಟ್ಟ ನೀರಿಗೆ ಇದೆ ಎಂಬ ಸೂಕ್ಷ್ಮ ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಕಾರರು ಇದನ್ನು ಎಷ್ಟು ಕಂಡರು? ಸಿರಿಯಾದ ದುರಾ ಯುರೋಪೋಸಿನಲ್ಲಿ, ಸುಮಾರು ಕ್ರಿ.ಶ. 240ರ ದೀಕ್ಷಾಸ್ನಾನಗೃಹದ ಗೋಡೆಯ ಮೇಲೆ, ಹಗ್ಗ ಹಿಡಿದು ಬಾವಿಗೆ ಬಾಗಿದ ಹೆಂಗಸಿದ್ದಾಳೆ. ಬಹುಮಂದಿ ಅವಳನ್ನು ಸಮಾರ್ಯದವಳೆಂದೇ ಗುರುತಿಸುತ್ತ ಬಂದರು. ಈಚೆಗೆ ಕೆಲವರು ಆಕೆ ಮರಿಯಳೆನ್ನುತ್ತಾರೆ. ಯಾರೇ ಆಗಿರಲಿ, ಅಲ್ಲಿ ಅವಳು ನೀರು ಸೇದುವ ಕೆಲಸದಲ್ಲಿದ್ದಾಳೆ. ರಾವೆನ್ನಾದ ಸಂತ ಅಪೊಲಿನಾರೆ ನೂವೊ ಚರ್ಚಿನ ಆರನೆಯ ಶತಮಾನದ ಮೊಸಾಯಿಕ್‌ನಲ್ಲೂ ಅವಳ ಕೈಯಲ್ಲಿ ಹಗ್ಗವಿದೆ.

ನನಗೆ ಅತ್ಯಂತ ಪ್ರಿಯವಾದುದು ಸಿಯೆನಾದ ದೂಚ್ಚೊ ಬರೆದ ಫಲಕ. 1311ರಲ್ಲಿ ಮೆರವಣಿಗೆಯೊಡನೆ ಸಿಯೆನಾದ ಪ್ರಧಾನ ಚರ್ಚನ್ನು ಸೇರಿದ ‘ಮಾಯೆಸ್ತಾ’ ಎಂಬ ಮಹಾಚಿತ್ರದ ಒಂದು ತುಣುಕು ಅದು. 1771ರಲ್ಲಿ ಆ ಮಹಾಚಿತ್ರವನ್ನು ಗರಗಸದಿಂದ ಸೀಳಿ ಬೇರ್ಪಡಿಸಿದರು. ಈ ಫಲಕ ಈಗ ಮ್ಯಾಡ್ರಿಡ್ಡಿನ ತಿಸ್ಸೆನ್ ಸಂಗ್ರಹಾಲಯದಲ್ಲಿದೆ. ಬಂಗಾರದ ಹಿನ್ನೆಲೆ, ಬಾವಿಯ ಕಟ್ಟೆಯ ಮೇಲೆಯೇ ಕುಳಿತ ಯೇಸು, ತಲೆಯ ಮೇಲೆ ಕೊಡ ಹೊತ್ತ ಹೆಂಗಸು, ಊರಬಾಗಿಲಲ್ಲಿ ಆಹಾರ ಹೊತ್ತು ತಂದು ಬೆರಗಾಗಿ ನಿಂತ ಶಿಷ್ಯರು. ಮೂರೂ ಬಿಂದುಗಳು ಒಂದೇ ನೋಟಕ್ಕೆ ಸಿಗುತ್ತವೆ: ಕೇಳಿದವನು, ಕೇಳಿಸಿಕೊಂಡವಳು, ಇದು ಕೂಡದೆಂದು ತಿಳಿದಿರುವವರು. ಬಾವಿ ಮಾತ್ರ ಸಿಯೆನಾದ ಚೆಲುವಾದ ಕಲ್ಲಿನ ತೊಟ್ಟಿಯಂತಿದೆ. ಈಗಿನ ನಾಬ್ಲುಸಿನ ಬಳಿ ಗ್ರೀಕ್ ಚರ್ಚೊಂದರ ನೆಲಮನೆಯಲ್ಲಿರುವ ಯಾಕೋಬನ ಬಾವಿ ಸುಮಾರು 40 ಮೀಟರ್ ಆಳದ್ದು. ಸೇದುವುದಕ್ಕೆ ನಿನ್ನಲ್ಲಿ ಏನೂ ಇಲ್ಲವಲ್ಲ ಎಂದು ಅವಳು ಅವನಿಗೆ ಹೇಳಿದ್ದು ಆ ಆಳವನ್ನು ಬಲ್ಲವಳಾಗಿ.

ಮುಂದಿನ ಶತಮಾನಗಳ ಐರೋಪ್ಯ ಚಿತ್ರಗಳಲ್ಲಿ ನೀರಿನ ಪ್ರಶ್ನೆ ಹಿಂದೆ ಸರಿದು ಹೆಣ್ಣಿನ ಚರಿತ್ರೆಯೇ ಮುಂದೆ ಬಂತು. ಜಾರಿದ ಸೆರಗು, ತುಂಬಿದ ತೋಳು, ತಗ್ಗಿಸಿದ ಕಣ್ಣು. ಐವರು ಗಂಡಂದಿರಿದ್ದವಳು, ಈಗ ಜೊತೆಗಿರುವವನು ಗಂಡನಲ್ಲ, ಆದ್ದರಿಂದ ಪಾಪಿ, ಆದ್ದರಿಂದಲೇ ಯಾರೂ ಇಲ್ಲದ ನಡುಹಗಲಲ್ಲಿ ನೀರಿಗೆ ಬಂದಳು ಎಂದು ಉಪದೇಶಕರು ಹೇಳಿದರು. ಮೂಲದಲ್ಲಿ ಯೇಸು ಅವಳನ್ನು ಪಾಪಿಯೆಂದು ಕರೆಯುವುದಿಲ್ಲ, ಅವಳನ್ನು ಕ್ಷಮಿಸುವುದೂ ಇಲ್ಲ. ಆ ಸಮಾಜದಲ್ಲಿ ಬಿಡುಗಡೆಯ ಪತ್ರ ಬರೆಯುವ ಹಕ್ಕು ಗಂಡಸಿನದು. ಸತ್ತವನ ಸಹೋದರನಿಗೆ ವಿಧವೆಯನ್ನು ಕೊಡುವ ಪದ್ಧತಿಯೂ ಇತ್ತು. ಐದು ಸಲ ಮದುವೆಯಾದವಳು ಐದು ಸಲ ಕಳೆದುಕೊಂಡವಳೂ ಆಗಿರಬಹುದು. ನಡುಹಗಲಿನ ವಿಷಯಕ್ಕೆ ಬಂದರೆ, ಯಾಕೋಬನೇ ರಾಹೇಲಳನ್ನು ಬಾವಿಯ ಬಳಿ ಕಂಡದ್ದು ಹೊತ್ತು ಏರಿದ್ದಾಗಲೇ. ಅವಳ ಶೀಲವನ್ನು ಯಾರೂ ಶಂಕಿಸಲಿಲ್ಲ. ಪೂರ್ವದ ಚರ್ಚುಗಳು ಇದೇ ಹೆಂಗಸಿಗೆ ಬೆಳಕಿನವಳು ಎಂಬರ್ಥದ ಫೋಟಿನಿ ಎಂಬ ಹೆಸರಿಟ್ಟು ಸಂತಳೆಂದು ಪೂಜಿಸಿದವು. ರಷ್ಯನ್ನರ ಸ್ವೆತ್ಲಾನಾ ಎಂಬ ಹೆಸರೂ ಆ ಅರ್ಥದ್ದೇ.

ಬೌದ್ಧರ ‘ದಿವ್ಯಾವದಾನ’ದಲ್ಲಿಯೂ ಇಂಥದೊಂದು ಬಾವಿ ಇದೆ. ಭಿಕ್ಷು ಆನಂದನು ಮಾತಂಗಕನ್ಯೆ ಪ್ರಕೃತಿಯಲ್ಲಿ ನೀರು ಬೇಡುತ್ತಾನೆ. ಅವಳು ತನ್ನ ಕುಲ ಹೇಳಿ ಹಿಂಜರಿಯುತ್ತಾಳೆ. ತಾನು ಕೇಳಿದ್ದು ನೀರನ್ನು, ಕುಲವನ್ನಲ್ಲ ಎಂದು ಅವನು ತಿಳಿಸುತ್ತಾನೆ. ಅಲ್ಲಿ ಆನಂದ ನೀರು ಕುಡಿಯುತ್ತಾನೆ. ಕತೆ ಆಮೇಲೆ ಅವಳ ಮೋಹದ ಕಡೆಗೆ ಹೊರಳುತ್ತದೆ. ಟಾಗೋರರು 1933ರಲ್ಲಿ ಇದನ್ನೇ ‘ಚಂಡಾಲಿಕಾ’ ನಾಟಕವಾಗಿಸಿದರು. ಎರಡು ಪರಂಪರೆಗಳೂ ಕೊಟ್ಟ ನೀರನ್ನು ಬೇಗ ಮರೆತು ಕೊಟ್ಟವಳ ಕಾಮವನ್ನು ದೀರ್ಘವಾಗಿ ಸ್ಮರಿಸಿಕೊಂಡದ್ದು ನನಗೆ ವಿಚಿತ್ರವೆನಿಸುತ್ತದೆ.

ಇನ್ನು ಪಾತ್ರೆಯ ಕಡೆಗೆ ನನ್ನ ಕಣ್ಣು ಹೋಗುವ ಕಾರಣ. ಸುಮಾರು ನಲವತ್ತು ವರ್ಷಗಳ ಹಿಂದೆ, ನಿಸಿದಿಗಲ್ಲೊಂದನ್ನು ಹುಡುಕಿಕೊಂಡು ಬೇಸಗೆಯ ಮಧ್ಯಾಹ್ನ ಒಬ್ಬನೇ ನಡೆದಿದ್ದೆ. ಕಲ್ಲು ಸಿಕ್ಕಿತು, ಅಕ್ಷರಗಳನ್ನು ನಕಲು ಮಾಡುವಷ್ಟರಲ್ಲಿ ನಾಲಿಗೆ ಒಣಗಿತ್ತು. ಹತ್ತಿರದಲ್ಲಿದ್ದುದು ಊರ ಹೊರಗಿನ ಕೇರಿಯೊಂದೇ. ಮೊದಲ ಮನೆಯ ಜಗಲಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸನ್ನು, “ಅಮ್ಮಾ, ಕುಡಿಯಲು ನೀರು ಕೊಡುತ್ತೀರಾ?” ಎಂದೆ. ಆಕೆ ಎದ್ದು ನಿಂತು, “ನಮ್ಮನೇಲಿ ಕುಡೀತೀರಾ ಬುದ್ಧಿ?” ಎಂದಳು. ತಲೆಯಾಡಿಸಿದೆ. ಒಳಗೆ ಚೊಂಬನ್ನು ಬೂದಿಯಿಂದ ಉಜ್ಜಿ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಆಕೆ ಹಿತ್ತಾಳೆಯ ಚೊಂಬನ್ನು ಮುಂದೆ ಹಿಡಿದಾಗ ನನ್ನ ಕೈ ಏಳಲಿಲ್ಲ. “ಗಾಳಿಸದ ನೀರು ನಾವು ಕುಡಿಯುವುದಿಲ್ಲಮ್ಮ” ಎಂಬ ಮಾತು ಬಾಯಿಗೆ ತಾನಾಗಿ ಬಂತು. ಮಾತು ಸುಳ್ಳಲ್ಲ, ನಮ್ಮ ಮನೆತನದ ನಿಯಮವೇ. ಆದರೆ ಅಂದು ಬೆಳಗ್ಗೆ ಬಸ್‌ನಿಲ್ದಾಣದ ಹೋಟೆಲಿನಲ್ಲಿ ಎರಡು ಲೋಟ ನೀರು ಕುಡಿದಿದ್ದೆ. ಗಾಳಿಸಿದ್ದೋ ಎಂದು ಯಾರನ್ನೂ ಕೇಳಿರಲಿಲ್ಲ. ಚಂಡಾಲಕುಲದಲ್ಲಿ ಹುಟ್ಟಿ ಮುನಿಯಾದ ಹರಿಕೇಶಿಯನ್ನು ಯಜ್ಞಶಾಲೆಯವರು ಅಟ್ಟಿದ ಉತ್ತರಾಧ್ಯಯನದ ಕತೆಯನ್ನು ಆ ವರ್ಷವೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. “ಅದಕ್ಕೇನು ಬುದ್ಧಿ, ಸೋಸಿ ತರ್ತೀನಿ” ಎಂದು ಆಕೆ ಒಳಗೆ ಹೋದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಹೊರಟುಬಿಟ್ಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಆಕೆ ಚೊಂಬಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸಮಾರ್ಯದವಳು ಕೊಡವನ್ನು ಏಕೆ ಬಿಟ್ಟು ಹೋದಳೆಂಬುದಕ್ಕೆ ವ್ಯಾಖ್ಯಾನಕಾರರು ಬಗೆಬಗೆಯ ಉತ್ತರ ಕೊಟ್ಟಿದ್ದಾರೆ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೋಸ್ತೊಮನು, ಶಿಷ್ಯರು ಬಲೆಗಳನ್ನು ಬಿಟ್ಟುಬಂದಂತೆ ಇವಳು ಕೊಡವನ್ನು ಬಿಟ್ಟಳೆಂದು ಕೊಂಡಾಡುತ್ತಾನೆ. ನನಗೆ ತೋರುವುದು ಬೇರೆ. ಬಾವಿ ಆಳವಾಗಿತ್ತು, ಅವನ ಬಳಿ ಹಗ್ಗವೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ, ಬಾಯಾರಿಕೆ ಹಾಗೆಯೇ ಇತ್ತು. ಕೊಡವನ್ನು ಅವಳು ಅವನ ಕೈಗೆಟುಕುವಲ್ಲಿ ಇಟ್ಟು ಹೋದಳು.