ಬೀಗ ಹಾಕಿದ ಹೊಳೆ

ಇಂಡೋನೇಷ್ಯಾದ ಹರುಕು ದ್ವೀಪದಲ್ಲಿ ದ್ವೀಪದ ಹೆಸರನ್ನೇ ಹೊತ್ತ ಒಂದು ಹಳ್ಳಿಯಿದೆ. ಅಲ್ಲಿನವರು ತಮ್ಮ ಹೊಳೆಗೆ ಬೀಗ ಹಾಕುತ್ತಾರೆ. ಊರು ಕೂಡಿ ಕೊಟ್ಟ ಮಾತೇ ಆ ಬೀಗ. ತಿಂಗಳುಗಟ್ಟಲೆ ನೀರಲ್ಲಿ ಮೀನು ಮಿಣಮಿಣ ಮಿನುಗುತ್ತಿದ್ದರೂ ಒಬ್ಬರೂ ಬಲೆ ಬೀಸುವುದಿಲ್ಲ. ಕೊನೆಗೊಂದು ಬೆಳಗಿನ ಜಾವ ಬೀಗ ತೆಗೆಯುತ್ತಾರೆ. ಅದನ್ನು ಕಣ್ಣಾರೆ ಕಾಣಬೇಕೆಂದೇ ನಾನು ಅಷ್ಟು ದೂರ ಹೊರಟದ್ದು.

ದೂರವೆಂದರೆ ನಿಜಕ್ಕೂ ದೂರ. ಜಕಾರ್ತಾದಿಂದ ಪೂರ್ವಕ್ಕೆ ಮೂರೂವರೆ ಗಂಟೆ ಹಾರಿದ ಮೇಲೆ ಆಂಬೋನ್ ಸಿಗುತ್ತದೆ. ಅಲ್ಲಿ ಹೊತ್ತು ನಮಗಿಂತ ಮೂರೂವರೆ ಗಂಟೆ ಮುಂದೆ. ಇದು ಮಲುಕು ದ್ವೀಪಸಮೂಹ, ಲವಂಗ ಮತ್ತು ಜಾಯಿಕಾಯಿಯ ತವರು. ಆಂಬೋನ್ ಪೇಟೆಯಿಂದ ತುಲೆಹು ಬಂದರಿಗೆ ಹೋಗಿ ದೋಣಿ ಹಿಡಿಯಬೇಕು. ಅದಕ್ಕೂ ಮೊದಲು, ತುಲೆಹುವಿನ ಆಚೆಗಿರುವ ವಾಯಿ ಎಂಬ ಊರಿನ ಊಟೆಗೆ ಹೋದೆ. ತಿಳಿನೀರು, ಬಟ್ಟೆ ಒಗೆಯುವ ಹೆಂಗಸರು, ಈಜುವ ಮಕ್ಕಳು. ನೋಡಿಕೊಳ್ಳುವಾತ ನೀರಿಗಿಳಿದು ಒಂದು ಹಸಿ ಮೊಟ್ಟೆ ಒಡೆದದ್ದೇ ತಡ, ಕಲ್ಲಿನ ಪೊಟರೆಯಿಂದ ತೊಡೆಗಾತ್ರದ ಹಾವುಮೀನೊಂದು ಹೊರಬಂದು ಅವನ ಅಂಗೈಗೆ ಬಾಯಿಟ್ಟಿತು. ಊರಿನವರು ಈ ಹಾವುಮೀನುಗಳನ್ನು ಹಿಡಿಯುವುದಿಲ್ಲ, ತಿನ್ನುವುದಿಲ್ಲ. ಮೀನೇ ಅನ್ನವಾಗಿರುವ ಸೀಮೆಯಲ್ಲಿ ಮುಟ್ಟಬಾರದ ಮೀನೂ ಇದೆ ಎಂಬುದು ನನ್ನ ಮೊದಲ ಬೆರಗು.

ತುಲೆಹುವಿನಲ್ಲಿ ಮೋಟಾರು ದೋಣಿಗಳು ಜನ ತುಂಬಿದಾಗ ಹೊರಡುತ್ತವೆ. ಅಕ್ಕಿ ಮೂಟೆ, ಕೋಳಿ, ಸಿಮೆಂಟು, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ. ಎಡಕ್ಕೆ ಸೆರಾಮ್ ದ್ವೀಪದ ಬೆಟ್ಟಗಳು ಮೋಡ ಹೊದ್ದು ನಿಂತಿದ್ದವು. ಹರುಕುವಿನ ದಡ ಹತ್ತಿರವಾದಂತೆ ಗಾಳಿಯ ವಾಸನೆಯೇ ಬದಲಾಯಿತು. ಮನೆಗಳ ಮುಂದೆ ಚಾಪೆಗಳ ಮೇಲೆ ಲವಂಗ ಒಣಗುತ್ತಿತ್ತು. ಚಿಕ್ಕಂದಿನಿಂದ ಪಲಾವಿನಲ್ಲಿ ಕಂಡ ಆ ಪುಟ್ಟ ಮೊಗ್ಗು ಇಲ್ಲಿ ಚಾಪೆ ತುಂಬ ಹರಡಿತ್ತು. ಹದಿನೇಳನೆಯ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಂಬೋನ್ ಮತ್ತು ಅದರ ಮಗ್ಗುಲಿನ ಈ ಕಿರುದ್ವೀಪಗಳಲ್ಲಿ ಮಾತ್ರ ಲವಂಗ ಬೆಳೆಯಬೇಕೆಂದು ಕಟ್ಟಪ್ಪಣೆ ಮಾಡಿ, ಉಳಿದೆಡೆಯ ಮರಗಳನ್ನು ಕಡಿಸಿಹಾಕಿತು. ಕಡಿಯಲು ಹೋಗುವ ದೋಣಿಗಳಿಗೆ ಹುಟ್ಟು ಹಾಕಬೇಕಾದವರೂ ಇಲ್ಲಿನ ಜನರೇ. ಆ ಕಾಲದ ಕೋಟೆಯೊಂದರ ಮುರುಕು ಗೋಡೆ ಹರುಕುವಿನ ಕಡಲ ದಂಡೆಯಲ್ಲಿ ಈಗಲೂ ನಿಂತಿದೆ.

ನಾನು ಉಳಿದುಕೊಂಡ ಮನೆಯೊಡತಿಯನ್ನು ಊರವರಂತೆ ನಾನೂ ‘ಮಾಮಾ’ ಎಂದೇ ಕರೆದೆ. ತಾಯಿಯ ವಯಸ್ಸಿನ ಎಲ್ಲರಿಗೂ ಅಲ್ಲಿ ಅದೇ ಕರೆ. ಮೊದಲ ರಾತ್ರಿ ಆಕೆ ಪಪೆಡಾ ಬಡಿಸಿದರು. ಸಾಗು ತಾಳೆಯ ಕಾಂಡವನ್ನು ಸೀಳಿ, ತಿರುಳು ತೊಳೆದು ತೆಗೆದ ಹಿಟ್ಟಿಗೆ ಕುದಿನೀರು ಹೊಯ್ದು ಮಾಡುವ ಅಂಟಂಟಾದ ಊಟ. ಎರಡು ಕಡ್ಡಿಗಳಿಗೆ ಸುತ್ತಿ ಎತ್ತಿ, ಅರಿಸಿನ ಹಾಕಿದ ಮೀನಿನ ಸಾರಿಗೆ ಇಳಿಬಿಡುತ್ತಾರೆ. ನಮ್ಮ ಸಬ್ಬಕ್ಕಿ ಈಗ ಮರಗೆಣಸಿನಿಂದ ಆಗುವಂಥದ್ದು. ಅದರ ಮೂಲದ ಮರ ಇಲ್ಲಿನ ಜೌಗಿನಲ್ಲಿ ಕಾಡಾಗಿ ಬೆಳೆದಿದೆ.

ಮರುದಿನ ಒಬ್ಬ ಹಿರಿಯರು ತೋಟ ತೋರಿಸಲು ಕರೆದುಕೊಂಡು ಹೋದರು. ಅಲ್ಲಿ ಅಜ್ಜಂದಿರೆಲ್ಲ ‘ಓಪಾ’.

“ಈ ಲವಂಗದ ಮರ ಯಾರದು ಓಪಾ?”

“ನೆಟ್ಟವನ ಮಕ್ಕಳದು.”

“ಹಾಗಾದರೆ ಈ ನೆಲ?”

“ನೆಲ ಬೇರೆ ಮನೆತನದ್ದು. ಅದು ದಾತಿ. ಮಾರುವ ಹಾಗಿಲ್ಲ.”

ಮರ ಒಬ್ಬರದು, ಬೇರು ಕುಡಿಯುವ ಮಣ್ಣು ಇನ್ನೊಬ್ಬರದು! ದಾತಿ ಎಂದರೆ ವಂಶದ ಒಟ್ಟು ಆಸ್ತಿ. ಮನೆತನದ ಒಬ್ಬ ಮುಖ್ಯಸ್ಥ ಅದನ್ನು ನೋಡಿಕೊಳ್ಳುತ್ತಾನೆ, ಉಳಿದವರು ದುಡಿದು ಉಣ್ಣುತ್ತಾರೆ. ಇಂಡೋನೇಷ್ಯಾದ 1960ರ ಭೂಕಾಯಿದೆ ಇಂಥ ಊರುಗಟ್ಟಳೆಗಳನ್ನು ಗುರುತಿಸುತ್ತದೆ. ಕಾಡಿನ ವಿಷಯದಲ್ಲಿ 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮುದಾಯಗಳ ರೂಢಿಯ ಕಾಡು ಸರ್ಕಾರಿ ಕಾಡಲ್ಲ ಎಂದಿತು. ಆ ಅಜ್ಜನಿಗೆ ಇದೆಲ್ಲ ಹೊಸ ಸುದ್ದಿಯೇನಲ್ಲ. ಅವರ ಲೆಕ್ಕದಲ್ಲಿ ಊರಿನ ಗಡಿ ನೆಲಕ್ಕೆ ಮುಗಿಯದೆ ಅಲೆ ದಾಟಿ ಕಡಲೊಳಗೂ ಹೋಗುತ್ತದೆ. ಕಡಲಿಗೂ ಗಡಿಕಲ್ಲು ಹಾಕಿದ ಜನ ಇವರು.

ಆ ಓಪಾ ಒಬ್ಬ ಕೆವಾಂಗ್. ಕಾಡು, ಹೊಳೆ, ಕಡಲು ಕಾಯುವ ಊರಿನ ಕಾವಲುಗಾರರನ್ನು ಹಾಗೆನ್ನುತ್ತಾರೆ. ನೆಲಕ್ಕೊಬ್ಬ, ಕಡಲಿಗೊಬ್ಬ ಮುಖ್ಯಸ್ಥ. ಅವರು ಹೇರುವ ತಡೆಯ ಹೆಸರು ಸಾಸಿ. ಹಣ್ಣಿನ ಮರಕ್ಕೆ ತೆಂಗಿನ ಎಳೆಗರಿ ಕಟ್ಟಿದ್ದರೆ ಸಾಸಿಯ ಗುರುತು, ಕಾಯಿ ಬಲಿಯುವವರೆಗೆ ಒಡೆಯನೂ ಕೀಳುವಂತಿಲ್ಲ. ಹರುಕುವಿನ ಹೆಸರಾದ ಸಾಸಿ ಲೋಂಪಾ ಮೀನಿನದು. ಬೂತಾಯಿಯ ಜಾತಿಯಂತೆ ಕಾಣುವ ಈ ಪುಟ್ಟ ಬೆಳ್ಳಿಮೀನು ಹಗಲೆಲ್ಲ ಲೆಯಾರಿಸಾ ಕಯೆಲಿ ಹೊಳೆಯಲ್ಲಿದ್ದು, ಕತ್ತಲಾದರೆ ಕಡಲಿಗೆ ಹೋಗಿ, ಬೆಳಗಿನ ಜಾವ ಮರಳಿ ಬರುತ್ತದೆ. ಮರಿಗಳು ದಡದಲ್ಲಿ ಕಂಡಾಗ ಸಾಸಿ ಹೇರುತ್ತಾರೆ. ಆಮೇಲೆ ಹೊಳೆಯೊಳಗೆ ದೋಣಿಯ ಎಂಜಿನ್ ಸದ್ದಾಗಬಾರದು, ಅಡುಗೆಮನೆಯ ಕಸ ಬೀಳಬಾರದು. ಕದ್ದು ಹಿಡಿದ ದೊಡ್ಡವರಿಗೆ ದಂಡ. ಮಕ್ಕಳಿಗೆ ಬೆತ್ತದ ಐದು ಏಟು. ಊರಿನ ಐದು ಕುಲಗಳ ಮಾತನ್ನು ಮಗು ಹೊರಬೇಕೆಂದು ಆ ಐದು. ಈ ಕಾವಲಿಗಾಗಿಯೇ 1985ರಲ್ಲಿ ಹರುಕುವಿನ ಕೆವಾಂಗ್‌ಗೆ ದೇಶದ ಪರಿಸರ ಪ್ರಶಸ್ತಿ ‘ಕಲ್ಪತರು’ ಬಂತು.

ಲೋಂಪಾ ಬಂದ ಬಗೆಗೂ ಕಥೆಯಿದೆ. ಹೊಳೆಯಲ್ಲೊಂದು ಹೆಣ್ಣು ಮೊಸಳೆ, ಜನರನ್ನು ಬೆನ್ನ ಮೇಲೆ ದಾಟಿಸುತ್ತಿತ್ತಂತೆ. ಸೆರಾಮ್ ಕಡೆಯ ಮೊಸಳೆಗಳು ಹೆಬ್ಬಾವಿನ ಕಾಟಕ್ಕೆ ಅದರ ನೆರವು ಬೇಡಿದವು. ಅದು ಹೋಗಿ ಕಾದು, ಗೆದ್ದು, ಉಡುಗೊರೆಯಾಗಿ ಲೋಂಪಾ ತಂದಿತು. ಅಜ್ಜ ಇದನ್ನು ಹೇಳುವಾಗ ಹೊಳೆಯ ಕಡೆಗೇ ನೋಡುತ್ತಿದ್ದರು. ನಾನೂ ನೋಡಿದೆ, ಸಂಶಯ ಪಡಲು ಮನಸ್ಸಾಗಲಿಲ್ಲ.

ಬೀಗ ತೆಗೆಯುವ ದಿನ ಮೂರು ಗಂಟೆಯ ಹೊತ್ತಿಗೇ ಊರೆಲ್ಲ ಎದ್ದಿತ್ತು. ಅಳಿವೆಯ ಬಳಿ ತೆಂಗಿನ ಒಣಮಡಲಿನ ಸೂಟೆಗಳು ಹೊತ್ತಿಕೊಂಡವು. ಬೆಳಕು ಕಂಡ ಮೀನು ಕಡಲಿನಿಂದ ಹೊಳೆಯತ್ತ ತಿರುಗಿತು. ಕಪ್ಪು ನೀರಿನೊಳಗೆ ಒಂದು ಹೊಳಪು ಒಳಗೊಳಗೇ ಹರಿದು ಬರುವುದನ್ನು ನಾನು ಸೊಂಟದುದ್ದ ನೀರಲ್ಲಿ ನಿಂತು ಕಂಡೆ. ಕಾಲಿಗೆ ತಣ್ಣಗೆ ತಾಗಿ ಹೋಗುವ ಸಾವಿರಾರು ಮೈಗಳು! ಇಳಿತ ಬಂದಾಗ ಅಳಿವೆಗೆ ಅಡ್ಡಬಲೆ ಕಟ್ಟಿದರು. ಡೋಲು ಬಡಿದರು. ರಾಜ, ಎಂದರೆ ಊರಿನ ಯಜಮಾನ, ಮೊದಲ ಬೀಸುಬಲೆ ಎಸೆದರು. ಅವರ ನಂತರ ಪಾದ್ರಿಗಳು. ಆಮೇಲೆ ಮುದುಕರು, ಬಸುರಿಯರು, ಬೆತ್ತದ ಏಟು ತಿಂದಿದ್ದ ಹುಡುಗರು, ಎಲ್ಲರೂ ಒಮ್ಮೆಗೇ ಹೊಳೆಗಿಳಿದರು. ಬುಟ್ಟಿ, ಬಕೆಟ್ಟು, ಲುಂಗಿಯ ಮಡಿಲು, ಏನಿದ್ದರೆ ಅದು. ಅಷ್ಟು ಜನ ಒಟ್ಟಿಗೆ ನಕ್ಕಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ವಿಧವೆಯರಿಗೂ ತಬ್ಬಲಿಗಳಿಗೂ ಪಾಲು ಎತ್ತಿಟ್ಟ ಮೇಲೆ ಮಾಮಾ ತಮ್ಮ ಬಕೆಟ್ಟಿನಿಂದ ಅರ್ಧ ಸುರಿದು ನೆರೆಯೂರಿಂದ ಬಂದವರಿಗೆ ಕೊಟ್ಟರು. ಹರುಕು ಕ್ರೈಸ್ತರ ಊರು. ಇದೇ ದ್ವೀಪದ ಪೆಲಾವ್, ಕೈಲೋಲೊ ಮುಸ್ಲಿಮರವು. 1999ರಲ್ಲಿ ಮಲುಕುವಿನಲ್ಲಿ ಹೊತ್ತಿದ ಕೋಮುಬೆಂಕಿ ಈ ದ್ವೀಪವನ್ನೂ ಸುಟ್ಟಿತ್ತು. 2002ರ ಫೆಬ್ರವರಿಯ ಮಾಲಿನೋ ಒಪ್ಪಂದ ಅದನ್ನು ತಣಿಸಿತು. ತಲೆವಸ್ತ್ರ ಹೊದ್ದ ಎಳೆಯ ತಾಯಿಯೊಬ್ಬಳು ಮೀನು ತುಂಬಿದ ಚೀಲ ಹಿಡಿದು ದೋಣಿ ಹತ್ತುತ್ತಿದ್ದಳು. ಮಾಮಾ ನೀರಿನವರೆಗೂ ಹಿಂದೆಯೇ ಹೋಗಿ ಕೂಗಿದರು: “ಮಗಳೇ, ಇದಕ್ಕೆ ಮುಳ್ಳು ಜಾಸ್ತಿ. ಚಿಕ್ಕವನಿಗೆ ಬಿಡಿಸಿ ಕೊಡು!”