ತಾಲ್ಲೂಕಿಗೆ ಬಂದ ಟೀಚರ್ ನಮ್ಮೂರ ಮಗುವಿಗೆ ಸಿಗೋದು ಯಾವಾಗ?

ನಾಲೆಯ ಕೊನೆಭಾಗದ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯಲ್ಲಿ ನೀರಿದೆ ಎಂದ ಮಾತ್ರಕ್ಕೆ ನಮ್ಮ ಗದ್ದೆಗೆ ಬಂತು ಎಂದಲ್ಲ. ತೊಣ್ಣೂರು ಕೆರೆ ತುಂಬಿದ ವರ್ಷವೂ ಸರದಿ ನೋಡಿ ನೀರು ಬಿಡುವವರು ಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಟೀಚರ್ ಹಂಚುವ ವಿಷಯವೂ ಹೀಗೇ ಇದೆ.

ಸರ್ಕಾರಿ ಶಾಲೆಗಳಲ್ಲಿ ಓದುವ ಈ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಡಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಒಂದು ಶಾಲೆಗೆ ಸೇರಿದವರಲ್ಲ, ತಾಲ್ಲೂಕಿಗೆ ಸೇರಿದವರು. ಊರೂರು ಸುತ್ತಬೇಕು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ಅವರು ಬಂದ ದಿನ ಮಗುವಿಗೆ ಪಾಠ. ಉಳಿದ ದಿನ?

ಉಳಿದ ದಿನ ಆ ಕೆಲಸ ಅಮ್ಮನದು. ನಮ್ಮ ಕಡೆಯ ಒಂದು ಶಾಲೆಯಲ್ಲಿ ನಾವು ನೋಡಿದ ತಾಯಿ, ಬೆಲ್ ಹೊಡೆಯುವವರೆಗೂ ಹೊರಗೆ ಮರದಡಿ ಕೂತಿರುತ್ತಾರೆ. ಮಗ ಒಂದಕ್ಕೆ ಹೋಗಬೇಕೆಂದರೆ ಎತ್ತಿಕೊಂಡು ಹೋಗಬೇಕು, ಬಿಸಿಯೂಟ ತಿನ್ನಿಸಬೇಕು. ನಾಟಿ ಸಮಯದಲ್ಲಿ ಊರಿನ ಹೆಂಗಸರೆಲ್ಲ ಗದ್ದೆಗಿಳಿದರೆ ಇವರಿಗೆ ಕೂಲಿಯೂ ಇಲ್ಲ, ಸಂಬಳವೂ ಇಲ್ಲ. ಅವರಿಗೆ ಹುಷಾರಿಲ್ಲದ ದಿನ ಮಗನಿಗೂ ಶಾಲೆ ಇಲ್ಲ.

ನಮ್ಮ ಜೊತೆ ಓದಿದವನೊಬ್ಬನ ಕಥೆ ಬೇರೆ. ಕೈಕಾಲು ಗಟ್ಟಿ, ಮಾತು ಚುರುಕು. ಅಕ್ಷರ ಮಾತ್ರ ಹತ್ತುತ್ತಿರಲಿಲ್ಲ. 'ದಡ್ಡ' ಎಂಬ ಹೆಸರು ಬಿತ್ತು, ಕೊನೆಗೆ ಕುರಿ ಹಿಂದೆ ಹೋದ. ಅವನಿಗೆ ಬೇಕಾಗಿದ್ದದ್ದು ಎತ್ತಿಕೊಳ್ಳುವ ಆಯಾ ಅಲ್ಲ, ಬೇರೆ ರೀತಿಯಲ್ಲಿ ಕಲಿಸಬಲ್ಲ ಟೀಚರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಲಿಕಾ ನ್ಯೂನತೆಯೂ ಸೇರಿದೆ. ಅದು ಬಂದಾಗ ಅವನು ಶಾಲೆ ಬಿಟ್ಟಾಗಿತ್ತು.

ಅದಕ್ಕೇ ಇಂಥ ಮಕ್ಕಳು ಎಷ್ಟಿದ್ದಾರೆ ಎಂದು ತಲೆ ಎಣಿಸಿದರೆ ಸಾಲದು. ಯಾವ ಮಗುವಿಗೆ ಯಾರು ಬೇಕು, ದಿನಕ್ಕೆ ಎಷ್ಟು ಹೊತ್ತು ಬೇಕು ಎಂದೂ ಬರೆಯಬೇಕು.

ಎಣಿಕೆಯೂ ಬೇಕು, ಸುಳ್ಳಲ್ಲ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾನದಂಡ ಪ್ರಕಟಿಸಿ ಎಂದು ಹೇಳಿದ ಮೇಲೆ ಕೇಂದ್ರ ಸರ್ಕಾರ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಎಷ್ಟು ಹುದ್ದೆ ಬೇಕೆಂದು ಲೆಕ್ಕ ಹಾಕಿ ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೆ ಹೇಳಿತು. ಆ ಲೆಕ್ಕ ಶುರುವಾಗುವುದು ನಮ್ಮೂರ ಶಾಲೆಯ ದಾಖಲೆಯಿಂದ. ಜನ ಏನೆಂದುಕೊಂಡಾರೋ, ನಾಳೆ ಮದುವೆಗೆ ತೊಡಕಾದೀತೋ ಎಂದು ಮನೆಯವರು ಮುಚ್ಚಿಟ್ಟರೆ, ಹೇಗೂ ಪಾಸಾಗುತ್ತಾನೆ ಎಂದು ಶಾಲೆಯವರು ಬಿಟ್ಟರೆ, ಆ ಮಗು ಲೆಕ್ಕಕ್ಕೇ ಇಲ್ಲ. ಲೆಕ್ಕದಲ್ಲಿಲ್ಲದ ಮಗುವಿಗೆ ಯಾವ ಕೋರ್ಟು ಹೇಳಿದರೂ ಟೀಚರ್ ಬರುವುದಿಲ್ಲ.

ಹತ್ತು ಮಕ್ಕಳು ಒಂದೇ ಶಾಲೆಯಲ್ಲಿ ಸಿಗುವುದೂ ಹಳ್ಳಿಯಲ್ಲಿ ಅಪರೂಪ. ಇಲ್ಲೊಬ್ಬ, ಅಲ್ಲೊಬ್ಬಳು. ಆದ್ದರಿಂದ ಅಕ್ಕಪಕ್ಕದ ಶಾಲೆಗಳಿಗೆ ಸೇರಿ ಒಬ್ಬರನ್ನು ಕೊಟ್ಟು, ಯಾವ ವಾರ ಯಾವ ಶಾಲೆ ಎಂಬ ಸರದಿಯನ್ನು ಶಾಲೆಯ ಗೋಡೆಗೆ ಅಂಟಿಸಲಿ. ಅದು ಕಣ್ಣಿಗೆ ಕಂಡರೆ ಬರದಿದ್ದಾಗ ಕೇಳಬಹುದು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಬಣ್ಣದ ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ. ನಮ್ಮ ಶಾಲೆಯ ಪಟ್ಟಿಯಲ್ಲಿ ಇಂಥ ಮಕ್ಕಳು ಎಷ್ಟು ಜನ ಇದ್ದಾರೆ? ಅವರಿಗಾಗಿ ಟೀಚರ್ ಕಳೆದ ಸಲ ಬಂದದ್ದು ಯಾವತ್ತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮರದಡಿ ಕೂತ ಆ ತಾಯಿಯನ್ನೂ ಸಭೆಗೆ ಕರೆಯಿರಿ. ಯಾರು ಬೇಕು, ಎಷ್ಟು ಹೊತ್ತು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.